ಹಿಮಾಲಯದ ಛಾಯಾಗ್ರಾಹಕ ಸ್ಯಾಮ್ಯುಅಲ್ ಬೋರ್ನ್

ಹಿಮಾಲಯವನ್ನು ಕಣ್ಣಾರೆ ಕಂಡವರು ನಮ್ಮ ಸೀಮೆಯಲ್ಲಿ ಕೆಲವರೇ. ಉಳಿದ ನಾವೆಲ್ಲರೂ ಅದನ್ನು ಚಿತ್ರಗಳಲ್ಲಿಯೇ ಕಂಡವರು. ಭೂಗೋಳದ ಪುಸ್ತಕದಲ್ಲಿಯೋ ಗೋಡೆಗೆ ತೂಗುಹಾಕಿದ ಪಂಚಾಂಗದ ಮೇಲೆಯೋ ಒಂದು ಹಿಮಶಿಖರವನ್ನು ನೋಡಿ, ಗಿರಿರಾಜನೆಂದರೆ ಇವನೇ ಎಂದು ನಂಬಿದವರು. ಆ ಚಿತ್ರವು ನಮ್ಮ ಕೈಗೆ ಬರುವುದಕ್ಕೆ ಮೊದಲು ಯಾರೋ ಒಬ್ಬರು ಕ್ಯಾಮರಾವನ್ನು ಹೊರಿಸಿಕೊಂಡು ಆ ಹಿಮದೊಳಕ್ಕೆ ಹೋಗಿ ನಿಂತಿರಬೇಕಷ್ಟೆ. ಈ ಕೆಲಸವನ್ನು ಹಿಂದಿನ ಕಾಲದಲ್ಲಿ ಮಾಡಿದವರೊಳಗೆ ಅಗ್ರಗಣ್ಯನೆಂದು ಎಣಿಸಲ್ಪಟ್ಟವನು ಸ್ಯಾಮ್ಯುಅಲ್ ಬೋರ್ನ್ ಎಂಬ ಆಂಗ್ಲೇಯನು. ಅವನ ಜೀವಿತದಲ್ಲಿ ಮೆಚ್ಚತಕ್ಕ ಸಂಗತಿಗಳು ಬಹಳ ಉಂಟು. ಮೆಚ್ಚಲಾಗದ ಸಂಗತಿಯೂ ಉಂಟು. ಎರಡನ್ನೂ ವಾಚಕರ ಮುಂದಿಡುವುದು ನ್ಯಾಯವೆಂದು ತೋರುತ್ತದೆ.

ಬೋರ್ನನು ೧೮೩೪ನೆಯ ಇಸವಿ ಅಕ್ಟೋಬರ್ ೩೦ನೆಯ ತಾರೀಖಿನಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್ ಸೀಮೆಯಲ್ಲಿ ಒಂದು ಬೇಸಾಯದ ಮನೆಯಲ್ಲಿ ಹುಟ್ಟಿದನು. ಒಬ್ಬ ಪಾದ್ರಿಯ ಬಳಿಯಲ್ಲಿ ಓದುಬರಹವನ್ನು ಕಲಿತು, ೧೮೫೫ರಲ್ಲಿ ನಾಟಿಂಗ್‌ಹ್ಯಾಮ್ ಪಟ್ಟಣದ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದನು. ಹಗಲೆಲ್ಲ ಲೆಕ್ಕದ ಪುಸ್ತಕ, ಬಿಡುವಾದಾಗಲೆಲ್ಲ ಕ್ಯಾಮರಾ. ಆಗ ಛಾಯಾಗ್ರಹಣವು ಹೊಸ ವಿದ್ಯೆ. ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬವನು ಗಾಜಿನ ಫಲಕದ ಮೇಲೆ ಚಿತ್ರವನ್ನು ಹಿಡಿಯುವ ಹೊಸ ಕ್ರಮವನ್ನು ೧೮೫೧ರಲ್ಲಿ ಪ್ರಕಟಿಸಿ, ಅದರ ಹಕ್ಕನ್ನು ತನ್ನದೆಂದು ಕಾದಿರಿಸಿಕೊಳ್ಳದೆ, ಎಲ್ಲರೂ ಬಳಸಿಕೊಳ್ಳಲೆಂದು ಬಿಟ್ಟುಕೊಟ್ಟಿದ್ದನು. (ಆ ಪುಣ್ಯಾತ್ಮನು ೧೮೫೭ರಲ್ಲಿ ಬಡತನದಲ್ಲಿಯೇ ತೀರಿಕೊಂಡನು.) ಅವನ ಔದಾರ್ಯದಿಂದ ಬೆಳೆದ ಸಾವಿರಾರು ಮಂದಿಯಲ್ಲಿ ಬೋರ್ನನೂ ಒಬ್ಬನು. ೧೮೫೮ರಲ್ಲಿ ಅವನು ಇಂಗ್ಲೆಂಡಿನ ಸರೋವರ ಸೀಮೆಯಲ್ಲಿ ಸಂಚರಿಸಿ ಚಿತ್ರಗಳನ್ನು ತೆಗೆದನು. ಮರುವರುಷ ನಾಟಿಂಗ್‌ಹ್ಯಾಮಿನ ಪ್ರದರ್ಶನದಲ್ಲಿಯೂ, ೧೮೬೨ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿಯೂ ಅವನ ಚಿತ್ರಗಳು ಕಾಣಿಸಿಕೊಂಡು ಹೆಸರು ಪಡೆದವು. ಅಷ್ಟಾದ ಮೇಲೆ ಅವನು ಬ್ಯಾಂಕಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಹಿಂದೂಸ್ಥಾನಕ್ಕೆ ಹಡಗು ಹತ್ತಿಯೇಬಿಟ್ಟನು. ತಿಂಗಳು ತಿಂಗಳೂ ಸಂಬಳ ಬರುವ ಉದ್ಯೋಗವನ್ನು ಬಿಟ್ಟು ಚಿತ್ರ ತೆಗೆಯುತ್ತೇನೆಂದು ಕಡಲಾಚೆಗೆ ಹೊರಟ ಇಪ್ಪತ್ತೆಂಟು ವಯಸ್ಸಿನ ಮಗನನ್ನು ಕುರಿತು ಯಾವ ತಾಯಿತಂದೆಗಳು ತಾನೆ ನಿಶ್ಚಿಂತರಾಗಿದ್ದಾರು!

೧೮೬೩ರ ಆರಂಭದಲ್ಲಿ ಅವನು ಕಲಕತ್ತೆಯಲ್ಲಿ ಇಳಿದನು. ಅಲ್ಲಿ ಮೊದಲೇ ಅಂಗಡಿಯಿಟ್ಟಿದ್ದ ವಿಲಿಯಂ ಹೋವರ್ಡ್ ಎಂಬ ಛಾಯಾಗ್ರಾಹಕನೊಡನೆ ಪಾಲುಗೂಡಿ, ಸಿಮ್ಲಾಕ್ಕೆ ಹೋಗಿ ಅಲ್ಲಿ ನೆಲೆಸಿದನು. ಸ್ವಲ್ಪ ಕಾಲದಲ್ಲಿಯೇ ಚಾರ್ಲ್ಸ್ ಷೆಪರ್ಡ್ ಎಂಬವನು ಇವರೊಡನೆ ಕೂಡಿಕೊಂಡನು. ಹೋವರ್ಡನು ಬಿಟ್ಟುಹೋದ ಮೇಲೆ ಆ ಸಂಸ್ಥೆಗೆ ಬೋರ್ನ್ ಅಂಡ್ ಷೆಪರ್ಡ್ ಎಂಬ ಹೆಸರಾಯಿತು. ಷೆಪರ್ಡನು ಊರಿನಲ್ಲಿದ್ದುಕೊಂಡು ಜನರ ಭಾವಚಿತ್ರಗಳನ್ನು ತೆಗೆಯುವುದು, ಪ್ರತಿಗಳನ್ನು ಅಚ್ಚುಮಾಡಿಸುವುದು, ಮಾರುವುದು ಇವನ್ನು ನೋಡಿಕೊಳ್ಳುತ್ತಿದ್ದನು. ಬೋರ್ನನು ಬೆಟ್ಟ ಹತ್ತುತ್ತಿದ್ದನು. ಇಂಥ ಪಾಲುಗಾರನೊಬ್ಬನಿಲ್ಲದಿದ್ದರೆ ಬೋರ್ನನ ಹೆಸರು ಇಂದು ನಮಗೆ ಕೇಳಿಬರುತ್ತಿತ್ತೋ ಇಲ್ಲವೋ.

ಈಗಿನ ಹುಡುಗಿಯರು ಕೈಯಲ್ಲಿರುವ ಟೆಲಿಫೋನನ್ನೇ ಎತ್ತಿಹಿಡಿದು ಕ್ಷಣಕ್ಕೊಂದು ಚಿತ್ರವನ್ನು ತೆಗೆಯುವರು. ಆದುದರಿಂದ ಅಂದಿನ ಕ್ರಮವು ಎಂಥದ್ದೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳದೆ ಬೋರ್ನನ ಶ್ರಮವು ತಿಳಿಯಲಾರದು. ಆಮ್ಲಗಳಲ್ಲಿ ಅದ್ದಿ ಸಿದ್ಧಪಡಿಸಿದ ಹತ್ತಿಯನ್ನು ಈಥರ್ ಮತ್ತು ಮದ್ಯಸಾರಗಳಲ್ಲಿ ಕರಗಿಸಿದರೆ ಕಲೋಡಿಯನ್ ಎಂಬ ಅಂಟುಪಾಕವಾಗುತ್ತದೆ. ಅದಕ್ಕೆ ಅಯೋಡೈಡ್ ಲವಣಗಳನ್ನು ಸೇರಿಸಿ, ಚೆನ್ನಾಗಿ ತೊಳೆದು ಒರೆಸಿದ ಗಾಜಿನ ಫಲಕದ ಮೇಲೆ ಸುರಿದು, ನಾಲ್ಕು ಮೂಲೆಗೂ ಸಮನಾಗಿ ಹರಡುವಂತೆ ಓರೆಮಾಡಿ ತಿರುಗಿಸಬೇಕು. ಆಮೇಲೆ ಕತ್ತಲೆಯ ಡೇರೆಯೊಳಗೆ ಅದನ್ನು ಸಿಲ್ವರ್ ನೈಟ್ರೇಟಿನ ದ್ರವದಲ್ಲಿ ಮುಳುಗಿಸಬೇಕು. ಆಗ ಫಲಕಕ್ಕೆ ಬೆಳಕನ್ನು ಗ್ರಹಿಸುವ ಶಕ್ತಿ ಬರುತ್ತದೆ. ಆದರೆ ಈ ಶಕ್ತಿಯು ಫಲಕವು ಒದ್ದೆಯಾಗಿರುವ ತನಕ ಮಾತ್ರ. ಒಣಗಿತೋ, ಕೆಲಸ ಕೆಟ್ಟಿತು. ಆದುದರಿಂದ ಫಲಕವನ್ನು ಹಸಿಯಾಗಿರುವಾಗಲೇ ಕ್ಯಾಮರಾಕ್ಕೆ ಸೇರಿಸಿ, ಬೆಳಕು ತೋರಿಸಿ, ಕೂಡಲೆ ಡೇರೆಗೆ ಹಿಂದಿರುಗಿ ಕಬ್ಬಿಣದ ಲವಣದ ನೀರನ್ನು ಹೊಯ್ದು ಚಿತ್ರವನ್ನು ಮೂಡಿಸಿ, ಸ್ಥಿರಗೊಳಿಸಿ, ಬಹಳ ನೀರಿನಲ್ಲಿ ತೊಳೆದು, ಒಣಗಿಸಿ, ಮೇಲೆ ವಾರ್ನಿಷ್ ಬಳಿಯಬೇಕು. ಇದೆಲ್ಲವೂ ಚಿತ್ರ ತೆಗೆಯುವ ಸ್ಥಳದಲ್ಲಿಯೇ ಆಗಬೇಕು. ಚಿತ್ರವನ್ನು ಹಿಗ್ಗಿಸಿ ಅಚ್ಚುಮಾಡುವ ಅನುಕೂಲವು ಅಂದು ಇಲ್ಲವೆಂದೇ ಹೇಳಬಹುದು. ಪ್ರತಿಯು ಎಷ್ಟು ದೊಡ್ಡದಾಗಬೇಕೋ ಗಾಜೂ ಅಷ್ಟೇ ದೊಡ್ಡದಾಗಬೇಕು. ಬೋರ್ನನು ಹೆಚ್ಚಾಗಿ ಬಳಸುತ್ತಿದ್ದುದು ಹನ್ನೆರಡು ಅಂಗುಲ ಉದ್ದ, ಹತ್ತು ಅಂಗುಲ ಅಗಲದ ಗಾಜು. ಹೀಗೆ ನೂರಾರು ಗಾಜುಗಳು, ಅವುಗಳ ಪೆಟ್ಟಿಗೆಗಳು, ಔಷಧಿಯ ಸೀಸೆಗಳು, ಕತ್ತಲೆಯ ಡೇರೆ, ಮಲಗುವ ಡೇರೆ, ಅಡಿಗೆಯ ಸಾಮಾನು, ಹಾಸಿಗೆ, ಪುಸ್ತಕ ಎಲ್ಲವೂ ಮನುಷ್ಯರ ಬೆನ್ನಿನ ಮೇಲೆ ಸಾಗಬೇಕು.

ಇಂಥ ಸಂಸಾರವನ್ನು ಕಟ್ಟಿಕೊಂಡು ಅವನು ೧೮೬೩ನೆಯ ಇಸವಿ ಜುಲೈ ೨೯ರಂದು ಸಿಮ್ಲಾದಿಂದ ಮೊದಲನೆಯ ಯಾತ್ರೆಗೆ ಹೊರಟನು. ಜೊತೆಯಲ್ಲಿ ಸುಮಾರು ಮೂವತ್ತು ಮಂದಿ ಹೊರೆಯಾಳುಗಳು. ದಾರಿಯು ಸಟ್ಲೆಜ್ ನದಿಯ ಕಣಿವೆಯನ್ನು ಹಿಡಿದು, ಇಂದು ಕಲ್ಪಾ ಎಂದು ಕರೆಯಲ್ಪಡುವ ಚಿನಿ ಎಂಬ ಊರಿಗೂ, ಅಲ್ಲಿಂದ ಸ್ಪಿತಿ ಸೀಮೆಯ ಗಡಿಗೂ ಹೋಗುತ್ತದೆ. ಒಂದು ಕಡೆ ನೆತ್ತಿಯ ಮೇಲೆ ಬಾಗಿದ ಬಂಡೆ, ಇನ್ನೊಂದು ಕಡೆ ಕೆಳಗೆ ಸಾವಿರಾರು ಅಡಿ ಆಳದಲ್ಲಿ ಮೊರೆಯುವ ಹೊಳೆ. ಹತ್ತು ವಾರಗಳಿಗೂ ಮೇಲ್ಪಟ್ಟು ಅಲೆದು, ಅಕ್ಟೋಬರ್ ೧೨ರಂದು ೧೪೭ ಒಳ್ಳೆಯ ಗಾಜಿನ ಚಿತ್ರಗಳೊಡನೆ ಹಿಂದಿರುಗಿದನು. ಎರಡು ಮೂರು ದಿನಗಳಿಗೆ ಒಂದೇ ಒಂದು ಚಿತ್ರವು ಕೈಗೂಡಿದರೂ ಸಂತೋಷಪಡುವ ಕಾಲದಲ್ಲಿ ಇದು ಅಲ್ಪಸಂಖ್ಯೆಯಲ್ಲ.

ಈ ಯಾತ್ರೆಯ ವೃತ್ತಾಂತವನ್ನು ಅವನು ಇಂಗ್ಲೆಂಡಿನ ಒಂದು ಛಾಯಾಗ್ರಹಣ ಪತ್ರಿಕೆಗೆ ಬರೆದು ಕಳುಹಿಸಿದನು. ಅದರಲ್ಲಿ ಒಂದು ಸಂಗತಿ ಓದುವವರ ಮನಸ್ಸನ್ನು ನೋಯಿಸುವುದು. ದಾರಿಯಲ್ಲಿ ಒಮ್ಮೆ ಹೊರೆಯಾಳುಗಳು ಪೆಟ್ಟಿಗೆಗಳನ್ನು ದಾರಿಯಲ್ಲಿಯೇ ಇಳಿಸಿ ಮಾಯವಾದರು. ಬೋರ್ನನು ದೊಣ್ಣೆ ಹಿಡಿದು ಹಳ್ಳಿಯ ಮನೆಗಳಲ್ಲಿ ಹುಡುಕಿ, ಅಡಗಿದ್ದವರನ್ನು ಹೊರಗೆಳೆದು ಹೊಡೆದು, ಹೊರೆ ಹೊರಿಸಿದನು. ಇದನ್ನು ಅವನು ಮುಚ್ಚಿಡಲಿಲ್ಲ, ನಾಚಿಕೆಯಿಂದಲೂ ಬರೆಯಲಿಲ್ಲ. ಬೆಟ್ಟದ ಆ ಬಡವರು ತಾವಾಗಿ ಒಪ್ಪಿ ಬಂದ ಕೂಲಿಗಳೆಂದು ಎಣಿಸಬಾರದು. ನಮ್ಮ ಕಡೆಯಲ್ಲಿ ಬಿಟ್ಟಿ ಚಾಕರಿ ಎಂದು ಹೆಸರಾದುದನ್ನು ಆ ಕಡೆಯಲ್ಲಿ ಬೇಗಾರ್ ಎನ್ನುವರು. ಸಾಹೇಬರು ಬಂದರೆಂದರೆ ಊರಿನ ಅಧಿಕಾರಿಯು ಇಷ್ಟು ಮಂದಿ ಆಳುಗಳನ್ನು ಒದಗಿಸಬೇಕು. ಹೊಲದ ಪೈರು ಕೊಯ್ಲಿಗೆ ನಿಂತಿದ್ದರೂ ರೈತನು ಅದನ್ನು ಬಿಟ್ಟು ಬರಬೇಕು. ಕೈಗೆ ಬರುವ ಕಾಸು ಅಲ್ಪ. ಗಾಜಿನ ಪೆಟ್ಟಿಗೆಯು ಒಡೆದರೆ ಬೋರ್ನನ ತಿಂಗಳ ಶ್ರಮವೆಲ್ಲ ಹಾಳಾಗುವುದೆಂಬುದು ನಿಜ; ಆದರೆ ಕೊಯ್ಯದೆ ಉಳಿದ ಪೈರೂ ಒಂದು ಮನೆಯ ವರ್ಷದ ಅನ್ನವಲ್ಲವೇ? ಆ ಕಾಲದ ಆಂಗ್ಲೇಯರೆಲ್ಲರೂ ಹೀಗೆಯೇ ನಡೆದರೆಂದು ಹೇಳಿ ಅವನನ್ನು ಬಿಡಿಸುವುದು ಸುಲಭ. ಆದರೆ ಪೆಟ್ಟು ತಿಂದವನಿಗೆ ಆ ಸಮಾಧಾನದಿಂದ ಏನು ಫಲ?

ಈ ಬೇಗಾರಿನ ವಿಷಯದಲ್ಲಿ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುವೆನು. ಬೋರ್ನನು ನಡೆದ ಅದೇ ದಾರಿಯಲ್ಲಿ ಕೋಟ್‌ಗಢ ಎಂಬ ಊರಿದೆ. ಕುಷ್ಠರೋಗಿಗಳ ಸೇವೆಗೆಂದು ೧೯೦೪ರಲ್ಲಿ ಅಮೇರಿಕದಿಂದ ಬಂದ ಸ್ಯಾಮ್ಯುಅಲ್ ಸ್ಟೋಕ್ಸ್ ಎಂಬವರು ಆ ಊರಿನಲ್ಲಿ ನೆಲೆಸಿ, ಬೆಟ್ಟದ ಜನರೊಡನೆ ಒಂದಾಗಿ, ಈ ಬಿಟ್ಟಿ ಚಾಕರಿಯ ವಿರುದ್ಧ ಹೋರಾಡಿದರು. ೧೯೨೧ರಲ್ಲಿ ಸೆರೆಮನೆಗೂ ಹೋದರು. ಹೆಸರು ಒಂದೇ, ದಾರಿಯೂ ಒಂದೇ. ನಡೆದ ಬಗೆ ಬೇರೆ.

ಬೋರ್ನನ ಕಥೆಯಲ್ಲಿ ವಿಚಿತ್ರವಾಗಿ ತೋರುವ ಮತ್ತೊಂದು ವಿಷಯವೆಂದರೆ, ಹಿಮಾಲಯವು ಮೊದಲಲ್ಲಿ ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ. ಅದರ ಭವ್ಯತೆಗೆ ಅವನು ತಲೆಬಾಗಿದನು. ಆದರೆ ಚಿತ್ರಕ್ಕೆ ತಕ್ಕ ಸೌಂದರ್ಯವು ಇಲ್ಲಿ ಕಡಿಮೆಯೆಂದು ಬರೆದನು. ಅವನ ಕಣ್ಣು ಪಳಗಿದುದು ತನ್ನ ನಾಡಿನ ಸರೋವರ ಸೀಮೆಯಲ್ಲಿ. ಚಿತ್ರವೆಂದರೆ ಮುಂದುಗಡೆ ತಿಳಿನೀರು, ಅದರೊಳಗೆ ಮರಗಳ ನೆರಳು, ಒಂದು ಹಳೆಯ ಸೇತುವೆ, ಹುಲ್ಲಿನ ಚಾವಣಿಯ ಗುಡಿಸಲು, ಹಿಂದುಗಡೆ ಹದವಾದ ಬೆಟ್ಟ, ಹೀಗೆ ಅವನು ಕಲಿತಿದ್ದನು. ಹಿಮಾಲಯದಲ್ಲಿ ಬೆಟ್ಟದ ಮೇಲೆ ಬೆಟ್ಟ, ಬಂಡೆಯ ಮೇಲೆ ಬಂಡೆ. ಒಂದು ಶಿಖರವನ್ನು ಚೌಕಟ್ಟಿನೊಳಗೆ ಹಿಡಿಯಹೋದರೆ ಹತ್ತು ಹೊರಗುಳಿಯುವವು. ಎಲ್ಲವನ್ನೂ ಹಿಡಿಯಹೋದರೆ ಎಲ್ಲವೂ ಇರುವೆಯ ಗುಡ್ಡದಂತೆ ಕಿರಿದಾಗುವವು. ಇದರ ಮೇಲೆ ಕಲೋಡಿಯನ್ನಿನ ದೋಷವೊಂದು. ಅದು ನೀಲಿಯ ಬೆಳಕನ್ನು ಅತಿಯಾಗಿಯೂ, ಹಸುರು ಕೆಂಪುಗಳನ್ನು ಅತ್ಯಲ್ಪವಾಗಿಯೂ ಗ್ರಹಿಸುತ್ತದೆ. ಆದುದರಿಂದ ಕಾಡು ಕಪ್ಪಾಗುವುದು, ಆಕಾಶ ಬರಿಯ ಬಿಳುಪಾಗುವುದು, ಬಿಳಿಯ ಶಿಖರವು ಬಿಳಿಯ ಆಕಾಶದೊಳಗೆ ಕರಗಿಹೋಗುವುದು. ಇದನ್ನು ಗೆಲ್ಲಲು ಅವನು ಹೊತ್ತನ್ನು ಕಾದನು, ನೆರಳು ಬೀಳುವ ಪಕ್ಕವನ್ನು ಆರಿಸಿದನು. ಮುಂದುಗಡೆ ಕಪ್ಪು ಬಂಡೆಯನ್ನೋ ದೇವದಾರು ಮರವನ್ನೋ ಇಟ್ಟುಕೊಂಡು, ಅದರಾಚೆ ಹಿಮವು ಹೊಳೆಯುವಂತೆ ಮಾಡಿದನು. ಅನೇಕ ಚಿತ್ರಗಳಲ್ಲಿ ಬಂಡೆಯ ಮೇಲೋ ಹಿಮದ ಮೇಲೋ ಒಬ್ಬಿಬ್ಬರು ಆಳುಗಳನ್ನು ನಿಲ್ಲಿಸಿದನು. ಬೆರಳುಗುರಿನಷ್ಟಿರುವ ಆ ಮನುಷ್ಯರನ್ನು ನೋಡಿದ ಮೇಲೆಯೇ ಬೆಟ್ಟವು ಎಷ್ಟು ದೊಡ್ಡದೆಂದು ನೋಡುವವರಿಗೆ ತಿಳಿಯುವುದು. ಹೊರೆಯನ್ನು ಹೊತ್ತವರು ಹೀಗೆ ಬೆಟ್ಟದ ಅಳತೆಗೋಲೂ ಆದರು. ಅವರ ಹೆಸರುಗಳನ್ನು ಮಾತ್ರ ಚಿತ್ರದ ಕೆಳಗೆ ಯಾರೂ ಬರೆಯಲಿಲ್ಲ.

೧೮೬೪ರ ಮಾರ್ಚ್ ತಿಂಗಳಲ್ಲಿ ಲಾಹೋರಿನಿಂದ ಎರಡನೆಯ ಯಾತ್ರೆ. ಈ ಸಲ ಹೊರೆಯಾಳುಗಳೇ ನಲವತ್ತೆರಡು ಮಂದಿ. ಅವಧಿ ಒಂಬತ್ತು ತಿಂಗಳು. ಕಾಂಗಡಾ, ಚಂಬಾ ಸೀಮೆಗಳನ್ನು ದಾಟಿ ಕಾಶ್ಮೀರಕ್ಕೆ ಹೋದನು. ಅಲ್ಲಿ ಅವನ ಹಳೆಯ ಕಣ್ಣಿಗೆ ಬೇಕಾದುದೆಲ್ಲವೂ ಸಿಕ್ಕಿತು. ಝೇಲಂ ನದಿಯ ಮರದ ಸೇತುವೆಗಳು, ದಾಲ್ ಸರೋವರದ ನಿಶ್ಚಲವಾದ ನೀರು, ಸಿಂಧ್ ಕಣಿವೆಯ ತೊರೆಗಳು, ಶ್ರೀನಗರದಲ್ಲಿ ಸಾಲುಗಟ್ಟಿ ನಿಂತ ಪಾಪ್ಲರ್ ಮರಗಳ ಹಾದಿ. ಈ ಹಾದಿಯ ಚಿತ್ರವು ಬಹು ಪ್ರಸಿದ್ಧವಾಯಿತು. ಎರಡು ಕಡೆಯ ಮರಗಳೂ ದೂರಕ್ಕೆ ಹೋಗುತ್ತ ಹೋಗುತ್ತ ಒಂದು ಬೆಳಕಿನ ಚುಕ್ಕೆಯಾಗುವುದನ್ನು ನೋಡಿದರೆ ಆ ಹಾದಿಯಲ್ಲಿ ನಡೆಯಬೇಕೆನಿಸುವುದು. ಕಾಶ್ಮೀರದ ಚಿತ್ರಗಳು ಇಂಪಾದುವು. ಆದರೆ ನನ್ನ ಎಣಿಕೆಯಲ್ಲಿ ಬೋರ್ನನ ಹಿರಿಮೆ ಅವುಗಳಲ್ಲಿಲ್ಲ. ಅಂಥವನ್ನು ಅವನು ತನ್ನ ದೇಶದಲ್ಲಿದ್ದುಕೊಂಡೂ ತೆಗೆಯಬಹುದಾಗಿತ್ತು. ಬರಡು ಬಂಡೆಯ ಮುಂದೆ, ನೀರೂ ಮರವೂ ಇಲ್ಲದ ಕಡೆಯಲ್ಲಿ, ಕಲಿತ ಪಾಠವೆಲ್ಲ ಕೆಲಸಕ್ಕೆ ಬಾರದಾದಾಗ ಅವನು ತೆಗೆದ ಚಿತ್ರಗಳೇ ಅವನವು.

ಅಂಥವು ೧೮೬೬ರ ಮೂರನೆಯ ಯಾತ್ರೆಯಲ್ಲಿ ದೊರೆತವು. ಜುಲೈ ತಿಂಗಳ ಆರಂಭದಲ್ಲಿ ಪ್ಲೇಫೇರ್ ಎಂಬ ವೈದ್ಯನೊಡನೆ ಹೊರಟು, ಕುಲು, ಲಾಹುಲ್ ಸೀಮೆಗಳ ಮೂಲಕ ಸ್ಪಿತಿಗೆ ಹೋದನು. ಸ್ಪಿತಿಯಲ್ಲಿ ಮಳೆಯೇ ಅಪರೂಪ. ಮರವೆಂಬುದು ಕಣ್ಣಿಗೆ ಬೀಳುವುದು ಕಷ್ಟ. ಅಲ್ಲಿಂದ ಕಿನ್ನರ ಸೀಮೆಗೆ ಇಳಿಯಬೇಕಾದರೆ ಮಣಿರಂಗ್ ಎಂಬ ಘಾಟನ್ನು ದಾಟಬೇಕು. ಅವನ ಲೆಕ್ಕದಲ್ಲಿ ಅದರ ಎತ್ತರ ೧೮,೬೦೦ ಅಡಿ. ನಮ್ಮ ಮುಳ್ಳಯ್ಯನಗಿರಿಯನ್ನು ಒಂದರ ಮೇಲೊಂದರಂತೆ ಮೂರು ಸಲ ಇಟ್ಟರೂ ಅದಕ್ಕಿಂತ ಸ್ವಲ್ಪ ಮೇಲೆ ನಿಲ್ಲಬಹುದಷ್ಟೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರತೀರದ ಅರ್ಧದಷ್ಟು. ಹತ್ತು ಹೆಜ್ಜೆ ನಡೆದರೆ ಉಸಿರು ಸಿಕ್ಕುವುದಿಲ್ಲ, ತಲೆ ಸಿಡಿಯುವುದು. ಬರಿಗೈಯಲ್ಲಿ ಹತ್ತುವವನ ಪಾಡೇ ಹೀಗಿರಲು, ಬೆನ್ನಿನ ಮೇಲೆ ಗಾಜಿನ ಪೆಟ್ಟಿಗೆಯನ್ನು ಹೊತ್ತವನ ಪಾಡು ಹೇಗಿದ್ದಿರಬೇಕು! ಅಂಥ ವಿರಳವಾದ ಗಾಳಿಯಲ್ಲಿ ಈಥರು ಇನ್ನೂ ಬೇಗನೆ ಆವಿಯಾಗುವುದು. ಕೈಬೆರಳು ಮರಗಟ್ಟುವ ಚಳಿಯಲ್ಲಿ ಔಷಧಗಳು ನಿಧಾನವಾಗುವವು. ಹೀಗಿದ್ದರೂ ಬೋರ್ನನು ಘಾಟಿನ ನೆತ್ತಿಯಲ್ಲಿ ಡೇರೆ ಹೊಡೆಯಿಸಿ, ಫಲಕವನ್ನು ಸಿದ್ಧಪಡಿಸಿ ಚಿತ್ರಗಳನ್ನು ತೆಗೆದನು. ಅಷ್ಟು ಎತ್ತರದಲ್ಲಿ ತೆಗೆದ ಚಿತ್ರಗಳನ್ನು ಬಹುಕಾಲ ಬೇರೆ ಯಾರೂ ಮೀರಲಿಲ್ಲವೆಂದು ಛಾಯಾಗ್ರಹಣದ ಚರಿತ್ರಕಾರರು ಎಣಿಸುವರು. ಈ ಚಿತ್ರಗಳಲ್ಲಿ ಸರೋವರವಿಲ್ಲ, ಗುಡಿಸಲಿಲ್ಲ. ಹಿಮ, ಬಂಡೆ ಮತ್ತು ಬೆಳಕು, ಇವು ಮೂರೇ. ಮೂರು ವರ್ಷಗಳ ಹಿಂದೆ ಇವನ್ನು ಚಿತ್ರಕ್ಕೆ ತಕ್ಕುದಲ್ಲವೆಂದು ಅವನೇ ತಳ್ಳಿಬಿಡುತ್ತಿದ್ದನೋ ಏನೋ.

ಅದೇ ಯಾತ್ರೆಯಲ್ಲಿ ಅವನು ಗಂಗೋತ್ರಿಗೂ ಹೋದನು. ಹಿಮನದಿಯ ಕೊನೆಯಲ್ಲಿ ಮಂಜುಗಡ್ಡೆಯ ಗುಹೆಯೊಳಗಿಂದ ಭಾಗೀರಥಿಯು ಹೊರಬೀಳುವ ಸ್ಥಳವೇ ಗೋಮುಖ. ನಮ್ಮ ಜನರು ಎಷ್ಟೋ ತಲೆಮಾರುಗಳಿಂದ ಪ್ರಾಣದ ಆಸೆಯನ್ನು ಬಿಟ್ಟು ಯಾತ್ರೆ ಹೋಗುತ್ತಿದ್ದ ತಾಣವದು. ಬೋರ್ನನು ಅಲ್ಲಿ ತೆಗೆದ ಚಿತ್ರಗಳಿಗೆ ಇಂದು ಇನ್ನೊಂದು ಬೆಲೆಯೂ ಬಂದಿದೆ. ಅಂದಿನಿಂದ ಹಿಮನದಿಯು ಹಿಂದೆ ಸರಿಯುತ್ತ ಬಂದಿರುವುದರಿಂದ, ೧೮೬೬ರಲ್ಲಿ ಅದು ಹೇಗೆ ಕಾಣುತ್ತಿತ್ತೆಂಬುದಕ್ಕೆ ಈ ಗಾಜಿನ ಚಿತ್ರವೇ ಸಾಕ್ಷಿ. ವರ್ಷದ ಕೊನೆಗೆ, ಆರು ತಿಂಗಳ ಅಲೆದಾಟವನ್ನು ಮುಗಿಸಿ, ಅವನು ಬಯಲುಸೀಮೆಗೆ ಇಳಿದನು. ಪತ್ರಿಕೆಗೆ ಬರೆದ ಲೇಖನಗಳಲ್ಲಿ ಒಂದು ಕಡೆ ಅವನು, ಕ್ಯಾಮರಾವನ್ನು ಹಿಡಿದು ನಡೆಯುವುದರಿಂದ ಮನಸ್ಸು ಪ್ರಕೃತಿಯ ಚೆಲುವನ್ನು ಕಾಣಲು ಕಲಿಯುವುದೆಂಬ ಅಭಿಪ್ರಾಯವನ್ನು ತೋರಿಸಿರುವನು. ಅವನ ಮೂರು ಯಾತ್ರೆಗಳ ಚಿತ್ರಗಳನ್ನು ಸಾಲಾಗಿಟ್ಟು ನೋಡಿದವರಿಗೆ ಆ ಮಾತು ಅವನ ವಿಷಯದಲ್ಲಿ ಸತ್ಯವಾದುದೆಂದೇ ತೋರುವುದು.

೧೮೬೭ರಲ್ಲಿ ಅವನು ಸ್ವದೇಶಕ್ಕೆ ಹೋಗಿ ಮೇರಿ ಟಾಲಿ ಎಂಬವಳನ್ನು ವಿವಾಹವಾಗಿ ಮತ್ತೆ ಹಿಂದೂಸ್ಥಾನಕ್ಕೆ ಬಂದನು. ಆಮೇಲೆ ಅಷ್ಟು ದೊಡ್ಡ ಪರ್ವತಯಾತ್ರೆಯನ್ನು ಅವನು ಕೈಕೊಳ್ಳಲಿಲ್ಲ. ಕಾಶಿಯ ಘಟ್ಟಗಳು, ಆಗ್ರಾದ ತಾಜಮಹಲು, ಲಕ್ನೋದ ಪಾಳುಗಟ್ಟಡಗಳು ಇವುಗಳ ಚಿತ್ರಗಳನ್ನೂ ಅವನು ತೆಗೆದಿರುವನು. ೧೮೬೯ರಲ್ಲಿ ದಕ್ಷಿಣಕ್ಕೂ ಬಂದು, ನಮಗೆ ನೆರೆಯದಾದ ನೀಲಗಿರಿಯಲ್ಲಿ ಉದಕಮಂಡಲದ ಸುತ್ತಿನ ಚಿತ್ರಗಳನ್ನು ತೆಗೆದನು. ೧೮೭೧ರ ಆರಂಭದಲ್ಲಿ ಅವನು ಈ ದೇಶವನ್ನು ಬಿಟ್ಟು ಹೋದನು. ಏಳೆಂಟು ವರ್ಷಗಳ ಒಳಗೆ ಅವನು ತೆಗೆದ ಚಿತ್ರಗಳು ಸುಮಾರು ೨,೨೦೦.

ಇಷ್ಟು ಕಷ್ಟಪಟ್ಟು ಕಲಿತ ವಿದ್ಯೆಯನ್ನು ಊರಿಗೆ ಹೋಗಿ ಮುಂದುವರಿಸಿದನೆಂದು ವಾಚಕರು ಊಹಿಸುವರು. ಹಾಗಾಗಲಿಲ್ಲ. ನಾಟಿಂಗ್‌ಹ್ಯಾಮಿನಲ್ಲಿ ಹೆಂಡತಿಯ ಅಣ್ಣತಮ್ಮಂದಿರ ಕಡೆಯ ಪಾಲುಗಾರಿಕೆಯಲ್ಲಿ ಹತ್ತಿಯ ನೂಲನ್ನು ಹುರಿಮಾಡುವ ಕಾರ್ಖಾನೆಯನ್ನು ನಡೆಸಿ ಅನುಕೂಲವಂತನಾದನು. ಊರಿನ ಮ್ಯಾಜಿಸ್ಟ್ರೇಟನೂ ಆದನು. ಬಿಡುವಿನಲ್ಲಿ ಜಲವರ್ಣದ ಚಿತ್ರಗಳನ್ನು ಬರೆಯುತ್ತಿದ್ದನು. ಗಾಜಿನ ಫಲಕಗಳನ್ನೆಲ್ಲ ಸಂಸ್ಥೆಗೆ ಬಿಟ್ಟು ಬಂದಿದ್ದುದರಿಂದ, ಹಿಮಾಲಯವು ಅವನ ಬಳಿಯಲ್ಲಿರಲಿಲ್ಲ. ಹಿಂದೂಸ್ಥಾನದಲ್ಲಿಯೇ ಉಳಿದು ವರ್ಷ ವರ್ಷವೂ ಅಚ್ಚಾಗಿ ಮಾರಾಟವಾಗುತ್ತಿತ್ತು. ೧೯೧೨ನೆಯ ಇಸವಿ ಏಪ್ರಿಲ್ ೨೪ರಂದು, ತನ್ನ ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಬೋರ್ನನು ನಾಟಿಂಗ್‌ಹ್ಯಾಮಿನಲ್ಲಿ ತೀರಿಕೊಂಡನು.

ಅವನು ಸ್ಥಾಪಿಸಿದ ಸಂಸ್ಥೆಯು ಕೈಯಿಂದ ಕೈಗೆ ಹೋಗಿ ಕಲಕತ್ತೆಯಲ್ಲಿ ಬಹುಕಾಲ ನಡೆಯಿತು. ೧೯೧೧ರ ದೆಹಲಿ ದರ್ಬಾರಿನ ಚಿತ್ರಗಳನ್ನು ತೆಗೆದವರೂ ಅವರೇ. ೧೯೯೧ರಲ್ಲಿ ಅಲ್ಲಿ ಬೆಂಕಿ ಬಿದ್ದು, ಹಳೆಯ ಸಂಗ್ರಹದ ಬಹುಭಾಗವು ಸುಟ್ಟುಹೋಯಿತು. ೨೦೧೬ರಲ್ಲಿ ಅಂಗಡಿಯ ಬಾಗಿಲನ್ನು ಮುಚ್ಚಿದರು. ಆದರೆ ಅಂದು ಮೊಟ್ಟೆಯ ಬಿಳಿ ಲೋಳೆಯನ್ನು ಸವರಿದ ಕಾಗದದ ಮೇಲೆ, ಬಿಸಿಲಿನಲ್ಲಿಟ್ಟು ಅಚ್ಚುಮಾಡಿದ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ, ದೆಹಲಿಯ ಅಲ್ಕಾಜಿ ಸಂಗ್ರಹದಲ್ಲಿಯೂ, ಇನ್ನೂ ಅನೇಕ ಕಡೆಗಳಲ್ಲಿಯೂ ಭದ್ರವಾಗಿವೆ. ಕಾಗದವು ಹಳದಿಗೆ ತಿರುಗಿದೆ. ಮೂಲೆಯಲ್ಲಿ ಬೋರ್ನ್ ಎಂಬ ಹೆಸರೂ ಒಂದು ಅಂಕೆಯೂ ಕಾಣುವವು. ಹಿಮದ ಮೇಲೆ, ಹೊರೆಯನ್ನು ಇಳಿಸಿ ಅವನ ಅಪ್ಪಣೆಯಂತೆ ಅಲುಗದೆ ನಿಂತ ಆಳುಗಳು ಇಂದಿಗೂ ನಿಂತಿರುವರು.